ಉಳಿತಾಯ ಬಜೆಟ್ ಇದ್ದರೂ ಚರಂಡಿಗೆ ದುಡ್ಡಿಲ್ಲ ಏಕೆ? – ಪುರಸಭೆ ಆಯವ್ಯಯ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಏಪ್ರಿಲ್ 1ಕ್ಕೆ ಹೊಸ ಆರ್ಥಿಕ ವರ್ಷ. ಅದಕ್ಕೂ ಮುಂಚೆ ರಾಜ್ಯದ ಪುರಸಭೆ, ನಗರಸಭೆ, ಪಟ್ಟಣ ಪಂಚಾಯಿತಿಗಳೆಲ್ಲ ಮುಂದಿನ ಸಾಲಿನ ಬಜೆಟ್ ಕರಡನ್ನು ಸಭೆಯ ಮುಂದಿಟ್ಟು ಅನುಮೋದನೆ ಪಡೆಯಬೇಕು. ಈ ಕುರಿತು ಬಂದ ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಸ್ಥಳೀಯ ಸಂಸ್ಥೆಗಳ ಲೆಕ್ಕಪತ್ರ ಬಲ್ಲ ತಜ್ಞರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮೂರಿನ ಪುರಸಭೆ ಉಳಿತಾಯ ಬಜೆಟ್ ಮಂಡಿಸಿದೆ ಎಂದು ಹೋದ ವರ್ಷ ಪೇಪರಿನಲ್ಲಿ ಓದಿದೆ. ನಮ್ಮ ಬೀದಿಯ ಚರಂಡಿ ಮಾಡಿಸಿ ಎಂದು ಕೇಳಲು ಹೋದರೆ ‘ಅನುದಾನ ಇಲ್ಲ’ ಎನ್ನುತ್ತಾರೆ. ಉಳಿತಾಯ ಇದ್ದ ಮೇಲೆ ದುಡ್ಡು ಇಲ್ಲದಿರುವುದು ಹೇಗೆ? – ನಿವೃತ್ತ ಶಿಕ್ಷಕರು

ಸರ್, ಉಳಿತಾಯ ಎಂದು ಪೇಪರಿನಲ್ಲಿ ಬಂದದ್ದು ಬ್ಯಾಂಕಿನಲ್ಲಿರುವ ದುಡ್ಡಲ್ಲ. ಮುಂದಿನ ವರ್ಷ ಇಷ್ಟು ಬರಬಹುದು, ಇಷ್ಟು ಖರ್ಚಾಗಬಹುದು ಎಂಬ ಎರಡು ಅಂದಾಜುಗಳ ನಡುವಿನ ವ್ಯತ್ಯಾಸ ಅದು. ಬರುವುದನ್ನು ಸ್ವಲ್ಪ ಹಿಗ್ಗಿಸಿ ಬರೆದರೆ ಸಾಕು, ಯಾವ ಊರಿನ ಬಜೆಟ್ ಆದರೂ ಉಳಿತಾಯದ್ದೇ ಆಗುತ್ತದೆ.

ಒಂದು ಉದಾಹರಣೆ ನೋಡೋಣ. ಆಸ್ತಿ ತೆರಿಗೆಯಿಂದ 1 ಕೋಟಿ 20 ಲಕ್ಷ ಬರುತ್ತದೆ ಎಂದು ಬರೆದು, ಕೊನೆಗೆ 15 ಲಕ್ಷ ಉಳಿತಾಯ ತೋರಿಸಿದ್ದಾರೆ ಎಂದಿಟ್ಟುಕೊಳ್ಳಿ. ಮಾರ್ಚ್ ಕೊನೆಗೆ ವಸೂಲಾಗಿದ್ದು 80 ಲಕ್ಷ. ಅಲ್ಲಿಗೆ 15 ಲಕ್ಷದ ಉಳಿತಾಯ ಹೋಗಿ 25 ಲಕ್ಷ ಖೋತಾ ಆಯಿತು. ಈ ಖೋತಾವನ್ನು ಯಾವುದರಲ್ಲಿ ಕಡಿತ ಮಾಡುತ್ತಾರೆ? ಸಂಬಳ ನಿಲ್ಲಿಸುವ ಹಾಗಿಲ್ಲ. ನೀರೆತ್ತುವ ಪಂಪಿನ ಕರೆಂಟ್ ಬಿಲ್ಲು, ಕಸದ ಗಾಡಿಯ ಡೀಸೆಲ್ಲು, ಕೆಟ್ಟುಹೋದ ಮೋಟರಿನ ರಿಪೇರಿ ಯಾವುದೂ ಕಾಯುವುದಿಲ್ಲ. ಕಾಯುವುದು ನಿಮ್ಮ ಬೀದಿಯ ಚರಂಡಿ ಒಂದೇ. ಹಾಗಾಗಿ ಫೆಬ್ರುವರಿಯಲ್ಲಿ ಆದಾಯವನ್ನು ಹಿಗ್ಗಿಸಿ ಬರೆದದ್ದರ ಫಲವೇ ಅಕ್ಟೋಬರಿನಲ್ಲಿ ನಿಮಗೆ ಸಿಗುವ ‘ಅನುದಾನ ಇಲ್ಲ’ ಎಂಬ ಉತ್ತರ.

ಇದನ್ನು ಹಿಡಿಯುವುದು ಕಷ್ಟವೇನಲ್ಲ. ಬಜೆಟ್ ಪುಸ್ತಕದಲ್ಲಿ ಆದಾಯದ ಪುಟ ತೆರೆಯಿರಿ. ಪ್ರತಿ ಬಾಬಿನ ಮುಂದೆ ಸಾಲಾಗಿ ಅಂಕಣಗಳಿರುತ್ತವೆ: ಹಿಂದಿನ ಸಾಲಿನ ವಾಸ್ತವ, ಚಾಲ್ತಿ ಸಾಲಿನ ಅಂದಾಜು, ಪರಿಷ್ಕೃತ ಅಂದಾಜು, ಕೊನೆಗೆ ಮುಂದಿನ ಸಾಲಿನ ಅಂದಾಜು. ಎಲ್ಲರ ಕಣ್ಣೂ ಕೊನೆಯ ಅಂಕಣಕ್ಕೆ ಹೋಗುತ್ತದೆ, ಭಾಷಣದಲ್ಲಿ ಓದುವುದೂ ಅದನ್ನೇ. ನೀವು ಮೊದಲನೆಯದನ್ನು ನೋಡಿ. ‘ವಾಸ್ತವ’ ಎಂಬ ಅಂಕಣದಲ್ಲಿ ನೀರಿನ ಕರ 22 ಲಕ್ಷ ಇದ್ದು, ಮುಂದಿನ ಸಾಲಿಗೆ 45 ಲಕ್ಷ ಎಂದು ಬರೆದಿದ್ದರೆ ಕೇಳಬೇಕಾದ ಪ್ರಶ್ನೆ ಅಲ್ಲೇ ಸಿಕ್ಕಿತು. ದರ ಏರಿಸುತ್ತೀರಾ? ಅನಧಿಕೃತ ನಳಗಳನ್ನು ಸಕ್ರಮ ಮಾಡುತ್ತೀರಾ? ಹಳೆ ಬಾಕಿ ವಸೂಲಿಗೆ ಆಂದೋಲನ ಇದೆಯಾ? ಮೂರರಲ್ಲಿ ಒಂದೂ ಇಲ್ಲ ಎಂದಾದರೆ ಆ 45 ಲಕ್ಷಕ್ಕೆ ಆಧಾರವಿಲ್ಲ.

ಇನ್ನೊಂದು ಕಾರಣವೂ ಇದೆ. ಪುರಸಭೆಯ ಖಾತೆಯಲ್ಲಿ ನಿಜಕ್ಕೂ ದುಡ್ಡಿದ್ದರೂ ಅದೆಲ್ಲ ಬೇಕಾದದ್ದಕ್ಕೆ ಖರ್ಚು ಮಾಡುವ ದುಡ್ಡಲ್ಲ. ಮಗಳ ಮದುವೆಗೆಂದು ಎತ್ತಿಟ್ಟ ಹಣದಲ್ಲಿ ಮನೆಯ ಹೆಂಚು ಬದಲಿಸಲಾಗದು ಎನ್ನುತ್ತೇವಲ್ಲ, ಅನುದಾನಗಳೂ ಹಾಗೇ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಶಿಫಾರಸು ಮಾಡಿದ ಹಣದಲ್ಲಿ ಶೇ 60ರಷ್ಟು ನಿರ್ಬಂಧಿತ: ಅರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು, ನೀರಿನ ಮರುಬಳಕೆಗೆ, ಇನ್ನರ್ಧ ನೈರ್ಮಲ್ಯ ಮತ್ತು ಘನತ್ಯಾಜ್ಯ ನಿರ್ವಹಣೆಗೆ. ಉಳಿದ ಶೇ 40 ಮಾತ್ರ ಊರಿನ ಅಗತ್ಯ ನೋಡಿ ಬಳಸಬಹುದಾದದ್ದು, ಅದೂ ಸಂಬಳ ಮತ್ತು ಕಚೇರಿ ವೆಚ್ಚಕ್ಕಲ್ಲ. ರಾಜ್ಯ ಹಣಕಾಸು ಆಯೋಗದ ಅಂದರೆ ಎಸ್‌ಎಫ್‌ಸಿ ಅನುದಾನದಲ್ಲೂ ವೇತನದ ಪಾಲು, ವಿದ್ಯುತ್ತಿನ ಪಾಲು ಬೇರೆ ಬೇರೆ. ಕೈಗೆ ಸಿಗುವುದು ‘ಮುಕ್ತನಿಧಿ’ ಎಂಬ ಭಾಗ ಮಾತ್ರ. ಆರಂಭಿಕ ಶಿಲ್ಕು ಕೋಟಿಗಟ್ಟಲೆ ಕಂಡರೆ, ಅದರಲ್ಲಿ ಯಾವ ಯೋಜನೆಯ ಹಣ ಎಷ್ಟು ಎಂಬ ವಿವರ ಕೇಳಿ.

ಈಗ ನಿಮ್ಮ ಚರಂಡಿ. ‘ಅನುದಾನ ಇದೆಯೇ’ ಎಂದು ಕೇಳಬೇಡಿ, ಇಲ್ಲ ಎನ್ನುವುದು ಸುಲಭ. ‘ಮುಂದಿನ ಸಾಲಿನ ಬಜೆಟ್‌ನಲ್ಲಿ ಚರಂಡಿ ನಿರ್ಮಾಣದ ಬಾಬಿಗೆ ಎಷ್ಟಿಟ್ಟಿದ್ದೀರಿ, ಯಾವ ನಿಧಿಯಿಂದ, ನಮ್ಮ ವಾರ್ಡಿನ ಕೆಲಸ ಆ ಕ್ರಿಯಾಯೋಜನೆಯಲ್ಲಿ ಇದೆಯೇ’ ಎಂದು ಲಿಖಿತವಾಗಿ ಕೇಳಿ. ಬಜೆಟ್ ಪಾಸಾದ ಮಾತ್ರಕ್ಕೆ ಕೆಲಸ ಶುರುವಾಗುವುದಿಲ್ಲ. ಕ್ರಿಯಾಯೋಜನೆಗೆ ಒಪ್ಪಿಗೆ, ಅಂದಾಜುಪಟ್ಟಿ, ಟೆಂಡರ್ ಎಲ್ಲ ಆದ ಮೇಲೆ ಕೆಲಸ. ಅರ್ಜಿ ಕೊಟ್ಟ ಪ್ರತಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಪ್ರಶ್ನೆ: ನಾನು ಪುರಸಭೆಗೆ ಮೊದಲ ಸಲ ಆರಿಸಿ ಬಂದ ಸದಸ್ಯೆ. ಬಜೆಟ್ ಸಭೆಯ ದಿನವೇ ಪುಸ್ತಕ ಕೈಗೆ ಕೊಟ್ಟರು. ಅಧ್ಯಕ್ಷರು ಓದಿದರು, ಮೇಜು ತಟ್ಟಿದರು, ಊಟಕ್ಕೆ ಎದ್ದರು. ‘ಅದೆಲ್ಲ ಆಫೀಸಿನವರು ನೋಡ್ಕೋತಾರೆ, ನೀನು ಸುಮ್ನೆ ಕೈ ಎತ್ತು’ ಅಂತ ಹಿರಿಯ ಸದಸ್ಯರೊಬ್ಬರು ಹೇಳಿದರು. ಈ ವರ್ಷ ಹಾಗಾಗಬಾರದು. ನಾನೇನು ಕೇಳಬೇಕು?

ಮೇಡಂ, ಆ ಹಿರಿಯರ ಮಾತನ್ನು ದಯವಿಟ್ಟು ಕೇಳಬೇಡಿ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಪ್ರಕಾರ ಬಜೆಟ್‌ಗೆ ಒಪ್ಪಿಗೆ ಕೊಡುವುದು ಕೌನ್ಸಿಲ್. ಮುಖ್ಯಾಧಿಕಾರಿ, ಲೆಕ್ಕಿಗರು ಕರಡು ಸಿದ್ಧಪಡಿಸುತ್ತಾರೆ ಅಷ್ಟೆ. ನಾಮನಿರ್ದೇಶಿತ ಸದಸ್ಯರಿಗೆ ಮತದ ಹಕ್ಕಿಲ್ಲ, ನಿಮಗಿದೆ.

ಮೊದಲ ಕೆಲಸ: ಈಗಲೇ ಮುಖ್ಯಾಧಿಕಾರಿಗಳಿಗೆ ಒಂದು ಪತ್ರ ಬರೆಯಿರಿ. ಬಜೆಟ್ ಕರಡನ್ನು ಸಭೆಯ ಸೂಚನಾಪತ್ರದ ಜೊತೆಗೇ ಕೊಡಬೇಕು ಎಂದು ಕೇಳಿ. ಇನ್ನಿಬ್ಬರು ಮೂವರು ಸದಸ್ಯರ ಸಹಿ ಇದ್ದರೆ ಇನ್ನೂ ಒಳ್ಳೆಯದು, ಅದರಲ್ಲಿ ವಿರೋಧ ಪಕ್ಷದವರೂ ಇರಲಿ.

ಕರಡು ಕೈಗೆ ಬಂದ ಮೇಲೆ ಎಲ್ಲ ಪುಟ ಓದುವ ಅಗತ್ಯವಿಲ್ಲ. ಮೇಲೆ ಹೇಳಿದ ವಾಸ್ತವ–ಅಂದಾಜು ಹೋಲಿಕೆ ಮಾಡಿ. ಅದರ ಜೊತೆಗೆ ಡಿಸಿಬಿ ಪಟ್ಟಿ ಕೇಳಿ: ಬೇಡಿಕೆ, ವಸೂಲಿ, ಬಾಕಿ. ಆಸ್ತಿ ತೆರಿಗೆಗೆ, ನೀರಿಗೆ, ಮಳಿಗೆ ಬಾಡಿಗೆಗೆ ಬೇರೆ ಬೇರೆ ಇರುತ್ತದೆ. ಮಳಿಗೆಗಳ ಪಟ್ಟಿಯನ್ನು ವಿಶೇಷವಾಗಿ ನೋಡಿ. ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಗೆ ಪುರಸಭೆ ಪಡೆಯುವ ಬಾಡಿಗೆ ಎಷ್ಟು, ಅದೇ ಸಾಲಿನ ಖಾಸಗಿ ಕಟ್ಟಡದ ಅಂಗಡಿಗೆ ಎಷ್ಟು? ಗುತ್ತಿಗೆ ಅವಧಿ ಮುಗಿದು ಎಷ್ಟು ವರ್ಷವಾಯಿತು? ಹರಾಜು ಏಕೆ ಆಗಿಲ್ಲ? ಮಳಿಗೆ ಹಿಡಿದವರೂ ಒಮ್ಮೊಮ್ಮೆ ಬೇಕಾದವರೇ ಆಗಿರುವುದರಿಂದ ಯಾರೂ ಬಾಯಿಬಿಡದ ವಿಷಯ ಇದು. ಊರಿಗೆ ಹೊಸ ತೆರಿಗೆ ಹೊರಿಸದೆ ಆದಾಯ ಹೆಚ್ಚಿಸುವ ದಾರಿಯೂ ಇದೇ.

ಖರ್ಚಿನ ಕಡೆ ನಾನು ಮೊದಲು ಹುಡುಕುವುದು ಪೌರಕಾರ್ಮಿಕರ ಬಾಬು. ರಾಜ್ಯದಲ್ಲಿ 700 ಜನಕ್ಕೆ ಒಬ್ಬ ಪೌರಕಾರ್ಮಿಕ ಎಂಬ ಮಾನದಂಡವಿದೆ. ನಿಮ್ಮೂರಿನ ಜನಸಂಖ್ಯೆ 35,000 ಆಗಿದ್ದರೆ 50 ಜನ ಇರಬೇಕು. ಹಾಜರಿ ಪುಸ್ತಕದಲ್ಲಿ ಎಷ್ಟಿದ್ದಾರೆ? ಗಂಬೂಟು, ಗ್ಲೌಸು, ಬೆಳಗಿನ ಉಪಾಹಾರ, ಆರೋಗ್ಯ ತಪಾಸಣೆಗೆ ಹೋದ ಸಾಲಿನಲ್ಲಿ ಇಟ್ಟದ್ದೆಷ್ಟು, ನಿಜಕ್ಕೂ ಖರ್ಚಾದದ್ದೆಷ್ಟು? ಗ್ಲೌಸಿನ ದುಡ್ಡು ಖರ್ಚಾಗದೆ ಉಳಿದಿದೆ ಎಂದರೆ ಯಾರೋ ಬರಿಗೈಯಲ್ಲಿ ಕಸ ಬಾಚಿದ್ದಾರೆ ಎಂದೇ ಅರ್ಥ. ಈ ಒಂದು ಬಾಬಿನಲ್ಲಿ ಒಂದು ರೂಪಾಯಿ ಕಡಿತಕ್ಕೂ ನೀವು ಒಪ್ಪಬಾರದು ಎಂಬುದು ನನ್ನ ವಿನಂತಿ.

ಆಮೇಲೆ ಮೀಸಲು ನಿಧಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5. ಲೆಕ್ಕಕ್ಕೆ ಬರುವ ಮೊತ್ತ 1 ಕೋಟಿ ಎಂದಾದರೆ ಕ್ರಮವಾಗಿ 24 ಲಕ್ಷ 10 ಸಾವಿರ, 7 ಲಕ್ಷ 25 ಸಾವಿರ, 5 ಲಕ್ಷ ರೂಪಾಯಿ. ಪುಸ್ತಕದಲ್ಲಿ ಈ ಅಂಕಿಗಳು ಸರಿಯಾಗಿಯೇ ಇರುತ್ತವೆ. ಕೇಳಬೇಕಾದದ್ದು ಹಿಂದಿನ ಸಾಲುಗಳಲ್ಲಿ ಖರ್ಚಾಗದೆ ಉಳಿದ ಮೊತ್ತವನ್ನು. ವಿದ್ಯಾರ್ಥಿಗಳಿಂದ ಅರ್ಜಿ ಕರೆದರೇ, ಕರೆದದ್ದು ಯಾರಿಗಾದರೂ ಗೊತ್ತಾಯಿತೇ, ತ್ರಿಚಕ್ರ ವಾಹನಕ್ಕೆ ಅರ್ಜಿ ಹಾಕಿದವರ ಪಟ್ಟಿ ಎಲ್ಲಿದೆ?

ಹಿಂದಿನ ವರ್ಷದ ಕೆಲಸಗಳಿಗೆ ಗುತ್ತಿಗೆದಾರರಿಗೆ ಕೊಡಬೇಕಾದ ಬಾಕಿ ಬಿಲ್ಲುಗಳೆಷ್ಟು ಎಂದೂ ಕೇಳಿ. ಅದು ಹೊಸ ಬಜೆಟ್‌ನ ಕುತ್ತಿಗೆಗೇ ಬರುತ್ತದೆ.

ಸಭೆಯಲ್ಲಿ ಉತ್ತರ ಸಿಗದಿದ್ದರೆ ಜಗಳಕ್ಕೆ ನಿಲ್ಲಬೇಡಿ. ‘ನನ್ನ ಪ್ರಶ್ನೆ ಮತ್ತು ಆಕ್ಷೇಪ ನಡವಳಿಯಲ್ಲಿ ದಾಖಲಾಗಲಿ’ ಎಂದು ಹೇಳಿ, ಬರೆದು ತಂದ ಪ್ರತಿಯನ್ನೂ ಕೊಡಿ. ಮುಂದಿನ ಸಭೆಯಲ್ಲಿ ಹಿಂದಿನ ನಡವಳಿ ಓದುವಾಗ ಅದು ಬಂದಿದೆಯೇ ನೋಡಿಕೊಳ್ಳಿ. ಲೆಕ್ಕಪರಿಶೋಧನೆಗೆ ಬರುವವರು ನಡವಳಿ ಪುಸ್ತಕ ಓದುತ್ತಾರೆ.

ಪ್ರಶ್ನೆ: ಮನೆ ಕಂದಾಯದ ಜೊತೆ ಗ್ರಂಥಾಲಯದ ಹೆಸರಲ್ಲೂ ಭಿಕ್ಷುಕರ ಹೆಸರಲ್ಲೂ ದುಡ್ಡು ಕಟ್ಟಿಸಿಕೊಳ್ಳುತ್ತಾರೆ. ನಮ್ಮೂರ ಲೈಬ್ರರಿಗೆ ಹೊಸ ಪುಸ್ತಕ ಬಂದು ಎಷ್ಟೋ ಕಾಲವಾಯಿತು. ಪುರಸಭೆ ಈ ದುಡ್ಡನ್ನು ಏನು ಮಾಡುತ್ತದೆ?

ಅದು ಪುರಸಭೆಯ ದುಡ್ಡಲ್ಲ. ಆಸ್ತಿ ತೆರಿಗೆ 1,000 ರೂಪಾಯಿ ಎಂದಾದರೆ ಅದರ ಮೇಲೆ ಆರೋಗ್ಯ ಉಪಕರ 150, ಗ್ರಂಥಾಲಯ ಉಪಕರ 60, ಭಿಕ್ಷುಕರ ಉಪಕರ 30 ರೂಪಾಯಿ ಸೇರುತ್ತದೆ. ಗ್ರಂಥಾಲಯದ್ದು 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ, ಭಿಕ್ಷುಕರದ್ದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ. ಪುರಸಭೆ ವಸೂಲಿ ಮಾಡಿ ಸಂಬಂಧಪಟ್ಟ ಇಲಾಖೆಗೆ ಕಟ್ಟಬೇಕು. ಬಜೆಟ್ ಪುಸ್ತಕದಲ್ಲಿ ರಾಜಸ್ವ ಮತ್ತು ಬಂಡವಾಳ ಲೆಕ್ಕಗಳಾದ ಮೇಲೆ ಬರುವ ‘ಅಸಾಧಾರಣ’ ಲೆಕ್ಕದಲ್ಲಿ ಇವು ಒಂದು ಕಡೆ ಜಮೆಯಾಗಿ, ಇನ್ನೊಂದು ಕಡೆ ಖರ್ಚಾಗಿ ಕಾಣುತ್ತವೆ.

ಜಮೆ ಆದದ್ದು ಪಾವತಿ ಆಗಿದೆಯೇ ಎಂಬುದೇ ಪ್ರಶ್ನೆ. ವಸೂಲಾದ ಉಪಕರವನ್ನು ವರ್ಷಗಟ್ಟಲೆ ಕಟ್ಟದೆ ಇಟ್ಟುಕೊಂಡ ಸ್ಥಳೀಯ ಸಂಸ್ಥೆಗಳ ಬಗ್ಗೆ ಲೆಕ್ಕಪರಿಶೋಧನಾ ವರದಿಗಳು ಮತ್ತೆ ಮತ್ತೆ ಬರೆದಿವೆ. ನಿಮ್ಮೂರಿನದ್ದು ನೋಡಲು ಎರಡು ಅಂಕಿ ಸಾಕು: ಹಿಂದಿನ ಸಾಲಿನಲ್ಲಿ ವಸೂಲಾದ ಗ್ರಂಥಾಲಯ ಉಪಕರ, ಅದೇ ಸಾಲಿನಲ್ಲಿ ಗ್ರಂಥಾಲಯ ಇಲಾಖೆಗೆ ಕಟ್ಟಿದ್ದು. ಲೈಬ್ರೇರಿಯನ್ ಬಳಿ ಕೇಳಿದರೂ ಗೊತ್ತಾಗಬಹುದು. ಅಂದಹಾಗೆ, ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಆಸ್ತಿ ತೆರಿಗೆಯಲ್ಲಿ ಶೇ 5 ರಿಯಾಯಿತಿ ಸಿಗುತ್ತದೆ.

ಪ್ರಶ್ನೆ: ನಮ್ಮಲ್ಲಿ ಕೌನ್ಸಿಲ್ ಅವಧಿ ಮುಗಿದು ಆಡಳಿತಾಧಿಕಾರಿ ಇದ್ದಾರೆ. ಸದಸ್ಯರೇ ಇಲ್ಲದಿರುವಾಗ ಬಜೆಟ್ ಪರಿಶೀಲಿಸುವವರು ಯಾರು? ಸಾಮಾನ್ಯ ಜನ ಮಾತಾಡಲು ಅವಕಾಶ ಇದೆಯೇ?

ಸಂವಿಧಾನದ 243 ಯು ವಿಧಿ ಪ್ರಕಾರ ಪುರಸಭೆಯ ಅವಧಿ ಐದು ವರ್ಷ, ಅದು ಮುಗಿಯುವುದರೊಳಗೆ ಚುನಾವಣೆ ಆಗಬೇಕು. ಆಗುವುದಿಲ್ಲ ಎಂಬುದು ನಮ್ಮ ರಾಜ್ಯದ ನೋವು. 2018ರಲ್ಲಿ ಚುನಾವಣೆ ನಡೆದ ಎಷ್ಟೋ ಊರುಗಳಲ್ಲಿ ಸದಸ್ಯರು ಗೆದ್ದಿದ್ದರೂ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ವ್ಯಾಜ್ಯದಿಂದಾಗಿ 2020ರವರೆಗೆ ಆಡಳಿತ ಅಧಿಕಾರಿಗಳ ಕೈಯಲ್ಲೇ ಇತ್ತು. ಅಂಥ ಹೊತ್ತಿನಲ್ಲಿ ಬಜೆಟ್‌ಗೆ ಒಪ್ಪಿಗೆ ಕೊಡುವವರು ಆಡಳಿತಾಧಿಕಾರಿ, ಅಂದರೆ ಸಾಮಾನ್ಯವಾಗಿ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ. ಒಂದು ಊರಿನ ಓಣಿ ಓಣಿಯ ಕಷ್ಟ ಅವರಿಗೆ ಗೊತ್ತಿರಲು ಸಾಧ್ಯವಿಲ್ಲ. ಸದಸ್ಯರಿಲ್ಲದ ವರ್ಷದಲ್ಲೇ ಜನ ಹೆಚ್ಚು ಹೋಗಬೇಕು.

ಅವಕಾಶ ಖಂಡಿತ ಇದೆ. ಬಜೆಟ್ ಪೂರ್ವಭಾವಿ ಸಭೆ ಎಂದು ಕರೆಯುತ್ತಾರೆ, ಹೆಚ್ಚಿನ ಕಡೆ ಡಿಸೆಂಬರ್‌ನಿಂದ ಫೆಬ್ರುವರಿ ಒಳಗೆ ನಡೆಯುತ್ತದೆ. ಪ್ರಕಟಣೆ ಕಚೇರಿಯ ನೋಟಿಸ್ ಬೋರ್ಡಿನಲ್ಲಿ, ಸ್ಥಳೀಯ ಪತ್ರಿಕೆಯ ಮೂಲೆಯಲ್ಲಿ ಸಣ್ಣದಾಗಿ ಬರುತ್ತದೆ, ಹಾಗಾಗಿ ಡಿಸೆಂಬರ್ ಮೊದಲ ವಾರವೇ ಕಚೇರಿಗೆ ಹೋಗಿ ದಿನಾಂಕ ಕೇಳಿ. ಸಭೆಗೆ ಹತ್ತು ಬೇಡಿಕೆ ಹಿಡಿದು ಹೋದರೆ ಹತ್ತೂ ‘ಪರಿಶೀಲಿಸಲಾಗುವುದು’ ಆಗಿ ಮುಗಿಯುತ್ತದೆ. ಒಂದೋ ಎರಡೋ ಇರಲಿ, ಜಾಗ, ಅಳತೆ ಸಮೇತ: ‘ಇಂಥ ಶಾಲೆಯಿಂದ ಇಂಥ ವೃತ್ತದವರೆಗೆ ಬೀದಿದೀಪ ಇಲ್ಲ, ಇಷ್ಟು ಕಂಬಗಳಿವೆ’ ಎನ್ನುವ ಹಾಗೆ. ಫೋಟೊ ಇದ್ದರೆ ಜೊತೆಗೆ ಲಗತ್ತಿಸಿ. ಸಭೆಗೆ ಬಂದವರ ಹಾಜರಿ ಹಾಳೆಯಲ್ಲಿ ಸಹಿ ಮಾಡಿ, ಸಭೆಯ ನಡವಳಿ ಪ್ರತಿಗೂ ಅರ್ಜಿ ಕೊಟ್ಟು ಬನ್ನಿ.

ಸಭೆ ಕರೆಯದೇ ಮುಗಿಸಿಬಿಟ್ಟರೆ ಅಥವಾ ಬಜೆಟ್ ಪ್ರತಿ ಕೊಡಲು ಸತಾಯಿಸಿದರೆ ಮಾಹಿತಿ ಹಕ್ಕು ಕಾಯ್ದೆ ಇದೆ. 2005ರ ಆ ಕಾಯ್ದೆಯ 4(1)(ಬಿ) ಪ್ರಕಾರ ಬಜೆಟ್ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸುವುದು ಕಚೇರಿಯ ಹೊಣೆ. ಪ್ರಕಟಿಸಿಲ್ಲ ಎಂದರೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಆದ್ದರಿಂದ ಬಜೆಟ್ ಪ್ರತಿಗೆ ಒಂದು ಅರ್ಜಿ, ಪೂರ್ವಭಾವಿ ಸಭೆಯ ನಡವಳಿಗೆ ಇನ್ನೊಂದು ಅರ್ಜಿ ಎಂದು ಬೇರೆ ಬೇರೆ ಹಾಕಿ. ಎರಡನ್ನೂ ಸೇರಿಸಿ ಬರೆದರೆ ಆ ಕಾರಣಕ್ಕೇ ವಾಪಸು ಬರಬಹುದು.