ಓದುಗರ ಪ್ರಶ್ನೆ, ಚರ್ಮವೈದ್ಯರ ಉತ್ತರ: ಅರಿವಿಲ್ಲದ ಮಚ್ಚೆಗಳು

ಹಿಂದಿನ ಸಂಚಿಕೆಯಲ್ಲಿ ಮೈಮೇಲಿನ ತಿಳಿ ಮಚ್ಚೆಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದೇ ನೆಪವಾಗಿ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕುಷ್ಠರೋಗವನ್ನೇ ಕುರಿತಿವೆ. ಬರೆದವರೆಲ್ಲರೂ, ಹುಳುಕಡ್ಡಿಯ ಬಗ್ಗೆ ಕೇಳಿದವರೂ ಸೇರಿದಂತೆ, ತಮ್ಮ ಹೆಸರು ಹಾಕಬೇಡಿ ಎಂದು ಕೋರಿದ್ದಾರೆ. ಆದ್ದರಿಂದ ಯಾರ ಹೆಸರನ್ನೂ ಊರನ್ನೂ ಇಲ್ಲಿ ಕೊಟ್ಟಿಲ್ಲ.

ಪ್ರಶ್ನೆ: ನಾನು 34 ವರ್ಷದ ಕೃಷಿಕ. ಎಡ ಮುಂಗೈ ಮೇಲೆ ನಾಣ್ಯಕ್ಕಿಂತ ತುಸು ದೊಡ್ಡದಾದ ತಿಳಿ ಬಣ್ಣದ ಮಚ್ಚೆಯೊಂದು ಎರಡು ವರ್ಷದಿಂದ ಇದೆ. ತುರಿಕೆಯಿಲ್ಲ, ನೋವಿಲ್ಲ. ಚಿಬ್ಬು ಎಂದು ತಿಳಿದು ಮುಲಾಮು ಹಚ್ಚಿದೆ, ಹೋಗಲಿಲ್ಲ. ತೊನ್ನು ಇರಬಹುದೇ?

ಉತ್ತರ: ತುರಿಕೆಯೂ ಇಲ್ಲ, ನೋವೂ ಇಲ್ಲ ಎಂದು ನೀವು ಸಮಾಧಾನಕ್ಕೆ ಬರೆದ ಮಾತೇ ನನ್ನನ್ನು ಯೋಚನೆಗೆ ಹಚ್ಚಿತು. ತೊನ್ನಿನ ಮಚ್ಚೆ ಸಾಮಾನ್ಯವಾಗಿ ಹಾಲಿನಂತೆ ಅಚ್ಚ ಬಿಳುಪಾಗಿರುತ್ತದೆ, ಅಲ್ಲಿಯ ಕೂದಲೂ ಎಷ್ಟೋ ವೇಳೆ ಬೆಳ್ಳಗಾಗುತ್ತದೆ, ಆದರೆ ಸ್ಪರ್ಶ ಕಿಂಚಿತ್ತೂ ಕೆಡುವುದಿಲ್ಲ. ಚಿಬ್ಬು ಒಂದು ಬಗೆಯ ಶಿಲೀಂಧ್ರದಿಂದ ಬರುವಂಥದು. ಎದೆ, ಬೆನ್ನು, ಕುತ್ತಿಗೆಗಳ ಮೇಲೆ ಹತ್ತಾರು ಸಣ್ಣ ಮಚ್ಚೆಗಳಾಗಿ ಹರಡುತ್ತದೆ, ಉಗುರಿನಿಂದ ಮೆಲ್ಲಗೆ ಕೆರೆದರೆ ನಯವಾದ ಹೊಟ್ಟು ಉದುರುತ್ತದೆ. ಕುಷ್ಠರೋಗದ ಮಚ್ಚೆ ಹಾಲುಬಿಳುಪಾಗಿರುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ತುಸು ತಿಳಿಯಾಗಿಯೋ ತಾಮ್ರದ ಬಣ್ಣದಲ್ಲಿಯೋ ಇರುತ್ತದೆ, ಹಲವು ವೇಳೆ ಅಲ್ಲಿ ಬೆವರು ಬರುವುದಿಲ್ಲ, ಕೂದಲು ವಿರಳವಾಗಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿ ಅರಿವು ಕುಂದಿರುತ್ತದೆ. ತೊನ್ನಿಗೆ ಶ್ವೇತಕುಷ್ಠ ಎಂಬ ಹೆಸರನ್ನು ಹಿಂದಿನವರು ಯಾಕಾದರೂ ಇಟ್ಟರೋ, ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಕಾಯಿಲೆಗಳು ಆ ಒಂದು ಪದದಿಂದಾಗಿ ಇಂದಿಗೂ ಜನರ ಮನಸ್ಸಿನಲ್ಲಿ ಬೆರೆತುಹೋಗಿವೆ.

ಪರೀಕ್ಷೆ ಸುಲಭ. ನೀವು ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಮನೆಯವರು ಹತ್ತಿಯ ಎಳೆಯನ್ನು ಮೊನಚು ಮಾಡಿ, ಉಜ್ಜದೆ, ಮಚ್ಚೆಯ ಮೇಲೊಮ್ಮೆ, ಪಕ್ಕದ ಚರ್ಮದ ಮೇಲೊಮ್ಮೆ, ಇನ್ನೊಂದು ಕೈಯ ಅದೇ ಜಾಗದಲ್ಲೊಮ್ಮೆ ಸುಮ್ಮನೆ ತಾಗಿಸಲಿ. ತಾಗಿದ ಜಾಗವನ್ನು ನೀವು ಬೆರಳಿಟ್ಟು ತೋರಿಸಿ. ಮಚ್ಚೆಯ ಮೇಲೆ ಮುಟ್ಟಿದ್ದು ಮತ್ತೆ ಮತ್ತೆ ತಿಳಿಯದೆ ಹೋದರೆ, ಅಥವಾ ಬಿಸಿ ಲೋಟಕ್ಕೂ ತಣ್ಣನೆಯ ಲೋಟಕ್ಕೂ ಅಲ್ಲಿ ವ್ಯತ್ಯಾಸ ಗೊತ್ತಾಗದಿದ್ದರೆ, ಅದೇ ವಾರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಬಿಸಿ ತಣ್ಣಗಿನ ಅರಿವು ಮೊದಲು ಕೆಡುತ್ತದೆ, ಸ್ಪರ್ಶದ್ದು ಆಮೇಲೆ. ಗೊತ್ತಾದರೂ ವೈದ್ಯರಿಗೆ ತೋರಿಸುವುದನ್ನು ಬಿಡಬೇಡಿ. ಮೊಣಕೈ ಹಿಂದೆ, ಕುತ್ತಿಗೆಯ ಪಕ್ಕದಲ್ಲಿ, ಮೊಣಕಾಲಿನ ಹೊರಬದಿಯಲ್ಲಿ, ಕಾಲಿನ ಗಿಣ್ಣಿನ ಒಳಬದಿಯಲ್ಲಿ ಹಾಯುವ ನರಗಳು ಹಗ್ಗದಂತೆ ದಪ್ಪಗಾಗಿವೆಯೇ ಎಂದು ಅವರು ಒತ್ತಿ ನೋಡಬೇಕು, ಅದನ್ನು ನೀವೇ ಮಾಡಿಕೊಳ್ಳಲಾಗದು. ಕಾಯಿಲೆ ಮೈತುಂಬ ಹರಡಿದವರಲ್ಲಿ ಮಚ್ಚೆಗಳು ಮೊದಮೊದಲು ಮರಗಟ್ಟಿರುವುದೇ ಇಲ್ಲ. ಅಂಥವರಲ್ಲಿ ಹೊಳೆಯುವ ಚರ್ಮ, ದಪ್ಪಗಾದ ಕಿವಿಯ ಹಾಲೆ, ಉದುರಿದ ಹುಬ್ಬು ಸುಳಿವು ಕೊಡುತ್ತವೆ, ಚರ್ಮವನ್ನು ಸಣ್ಣಗೆ ಸೀಳಿ ತೆಗೆದ ದ್ರವದಲ್ಲಿ ರೋಗಾಣು ಕಾಣುತ್ತದೆ. ಆ ರೋಗಾಣುವನ್ನು 1873ರಲ್ಲಿ ನಾರ್ವೆಯ ವೈದ್ಯ ಹ್ಯಾನ್ಸೆನ್ ಗುರುತಿಸಿದರು. ಅದು ಚರ್ಮದ ನೆಪದಲ್ಲಿ ನರಗಳನ್ನು ಹಿಡಿಯುವ ಜೀವಿ. ಮಚ್ಚೆಯ ಅಂದಚೆಂದದ ಬಗ್ಗೆ ಚಿಂತಿಸುವ ರೋಗಿಗೂ ಮಚ್ಚೆಯನ್ನಷ್ಟೇ ನೋಡಿ ಮುಲಾಮು ಬರೆಯುವ ವೈದ್ಯನಿಗೂ ಈ ಮಾತು ಮರೆತುಹೋಗುತ್ತದೆ.

ಪ್ರಶ್ನೆ: ನನ್ನ ಯಜಮಾನರಿಗೆ ಕುಷ್ಠರೋಗವೆಂದು ಗೊತ್ತಾಗಿ ನಾಲ್ಕು ತಿಂಗಳಿಂದ ಸರ್ಕಾರಿ ಆಸ್ಪತ್ರೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮೈಯೆಲ್ಲ ಕಪ್ಪಾಗಿದೆ, ಒಂದು ದಿನ ಮೂತ್ರ ಕೆಂಪಾಗಿ ಹೋಯಿತು. ಮಾತ್ರೆ ನಿಲ್ಲಿಸಲೇ ಎನ್ನುತ್ತಿದ್ದಾರೆ. ಮಕ್ಕಳಿಗೆ ತಗುಲದಂತೆ ಅವರ ತಟ್ಟೆ ಲೋಟ ಬೇರೆ ಇಟ್ಟಿದ್ದೇನೆ. ಸರಿಯೇ?

ಉತ್ತರ: ನಿಲ್ಲಿಸುವುದು ಬೇಡ. ಆ ಮಾತ್ರೆಯ ಪಟ್ಟಿಯಲ್ಲಿ ಮೂರು ಔಷಧಗಳಿವೆ. ರಿಫಾಂಪಿಸಿನ್ 600 ಮಿಲಿಗ್ರಾಂ ತಿಂಗಳಿಗೆ ಒಮ್ಮೆ, ಆರೋಗ್ಯ ಸಿಬ್ಬಂದಿಯ ಎದುರಿನಲ್ಲಿ. ಅದೇ ದಿನ ಕ್ಲೊಫಾಜಿಮಿನ್ 300 ಮಿಲಿಗ್ರಾಂ. ಬಳಿಕ ದಿನವೂ ಕ್ಲೊಫಾಜಿಮಿನ್ 50 ಮತ್ತು ಡ್ಯಾಪ್ಸೋನ್ 100 ಮಿಲಿಗ್ರಾಂ. ಮೂತ್ರ ಕೆಂಪಾದದ್ದು ರಿಫಾಂಪಿಸಿನ್ನಿನ ಬಣ್ಣ, ರಕ್ತವಲ್ಲ. ಅದು ತಿಂಗಳ ಮಾತ್ರೆ ನುಂಗಿದ ದಿನವೇ ಆಗಿತ್ತೇ ಎಂದು ನೆನಪಿಸಿಕೊಳ್ಳಿ. ಬೇರೆ ದಿನಗಳಲ್ಲಿ ಹಾಗಾಗಿದ್ದರೆ ವೈದ್ಯರಿಗೆ ಹೇಳಬೇಕು. ಮೈ ಕಪ್ಪಾಗುವುದೂ ಒಣಗಿ ಬಿರುಕು ಬಿಡುವುದೂ ಕ್ಲೊಫಾಜಿಮಿನ್ನಿನಿಂದ. ಔಷಧ ಮುಗಿದ ಕೆಲವು ತಿಂಗಳುಗಳಲ್ಲಿ ಮೆಲ್ಲಮೆಲ್ಲನೆ ತಿಳಿಯಾಗುತ್ತದೆ, ಅಲ್ಲಿಯವರೆಗೆ ಸ್ನಾನದ ಬಳಿಕ ಕೊಬ್ಬರಿ ಎಣ್ಣೆ ಹಚ್ಚಲಿ. ನಿಜವಾಗಿ ಹೆದರಬೇಕಾದದ್ದು ಡ್ಯಾಪ್ಸೋನ್ ಶುರುಮಾಡಿದ ಮೊದಲ ಆರೆಂಟು ವಾರಗಳಲ್ಲಿ ಜ್ವರ, ಮೈತುಂಬ ಗುಳ್ಳೆ, ಕಾಮಾಲೆ ಒಟ್ಟಿಗೆ ಕಾಣಿಸಿಕೊಂಡರೆ. ಆಗ ಡ್ಯಾಪ್ಸೋನ್ ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಬೇಕು. ಆ ಅವಧಿಯನ್ನು ಅವರು ದಾಟಿದ್ದಾರೆ. ಸುಸ್ತು, ಏದುಸಿರು ಇದ್ದರೆ ರಕ್ತಹೀನತೆಗೆ ಒಮ್ಮೆ ಹಿಮೋಗ್ಲೋಬಿನ್ ನೋಡಿಸಿ.

ಮಚ್ಚೆಗಳು ಐದರೊಳಗಿದ್ದು ರೋಗಾಣು ಕಾಣದಿದ್ದರೆ ಪಿ.ಬಿ. (ರೋಗಾಣು ಕಡಿಮೆ ಇರುವ ಬಗೆ) ಎಂದು ಕರೆದು 6 ತಿಂಗಳು, ಐದಕ್ಕಿಂತ ಹೆಚ್ಚಿದ್ದರೆ ಎಂ.ಬಿ. (ರೋಗಾಣು ಹೆಚ್ಚಿರುವ ಬಗೆ) ಎಂದು ಕರೆದು 12 ತಿಂಗಳು ಔಷಧ ಕೊಡುತ್ತಾರೆ. ಮೊದಲು ಪಿ.ಬಿ.ಯವರಿಗೆ ಕ್ಲೊಫಾಜಿಮಿನ್ ಕೊಡುತ್ತಿರಲಿಲ್ಲ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಬ್ಬರಿಗೂ ಮೂರೂ ಔಷಧ ಇರಲೆಂದು ಸಲಹೆ ಮಾಡಿತು. ಒಂದೇ ಔಷಧ ಸಾಲದೇ ಎಂದು ಹಲವರು ಕೇಳುತ್ತಾರೆ. ಡ್ಯಾಪ್ಸೋನ್ ಒಂದನ್ನೇ ವರ್ಷಗಟ್ಟಲೆ ಕೊಡುತ್ತಿದ್ದ ಕಾಲದಲ್ಲಿ ರೋಗಾಣು ಅದಕ್ಕೆ ಬಗ್ಗದಂತಾಯಿತು. ಆ ಪಾಠದಿಂದಲೇ 1980ರ ದಶಕದ ಆರಂಭದಲ್ಲಿ ಬಹು ಔಷಧಿ ಚಿಕಿತ್ಸೆ ಬಂತು. ಅದಕ್ಕೂ ಹಿಂದೆ, ಡ್ಯಾಪ್ಸೋನಿನಂಥ ಸಲ್ಫೋನ್ ಔಷಧಗಳು ಬರುವವರೆಗೆ, ವೈದ್ಯರ ಕೈಯಲ್ಲಿದ್ದದ್ದು ಚಾಲ್‌ಮೂಗ್ರ ಎಣ್ಣೆಯ ಚುಚ್ಚುಮದ್ದು, ಅದೂ ಅಷ್ಟಕ್ಕಷ್ಟೇ.

ತಟ್ಟೆ ಲೋಟಗಳನ್ನು ಇಂದೇ ಒಟ್ಟಿಗೆ ಸೇರಿಸಿ. ಚಿಕಿತ್ಸೆ ಪಡೆಯದ ರೋಗಿಯ ಮೂಗಿನಿಂದ ಹೊರಬೀಳುವ ಹನಿಗಳ ಮೂಲಕ, ಬಹುಕಾಲದ ಒಡನಾಟದಿಂದ ಈ ರೋಗ ಹರಡುತ್ತದೆಯೇ ಹೊರತು ಊಟದ ತಟ್ಟೆಯಿಂದಲ್ಲ. ರಿಫಾಂಪಿಸಿನ್ನಿನ ಮೊದಲ ಪಟ್ಟಿಗೇ ರೋಗಾಣುಗಳಲ್ಲಿ ಹೆಚ್ಚಿನವು ಸಾಯುತ್ತವೆ. ನಿಮ್ಮ ಯಜಮಾನರು ಈಗ ಯಾರಿಗೂ ಹರಡುವವರಲ್ಲ. ಆದರೆ ಚಿಕಿತ್ಸೆಗೆ ಮುಂಚೆ ನೀವೂ ಮಕ್ಕಳೂ ಅವರೊಂದಿಗೇ ಇದ್ದವರು. ರೋಗಾಣು ಹೊಕ್ಕ ಮೇಲೆ ಲಕ್ಷಣ ಕಾಣಲು ಸರಾಸರಿ 5 ವರ್ಷ, ಕೆಲವೊಮ್ಮೆ 20 ವರ್ಷವೂ ಹಿಡಿಯುತ್ತದೆ. ಆದ್ದರಿಂದ ಎಲ್ಲರೂ ಒಮ್ಮೆ ಮೈ ಪರೀಕ್ಷೆ ಮಾಡಿಸಿಕೊಳ್ಳಿ; ರೋಗ ಇಲ್ಲವೆಂದಾದರೆ ಮುಂಜಾಗ್ರತೆಗೆ ರಿಫಾಂಪಿಸಿನ್ನಿನ ಒಂದು ಡೋಸು ಕೊಡುವ ವ್ಯವಸ್ಥೆಯಿದೆ, ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಪ್ರಶ್ನೆ: ಎಂಟು ತಿಂಗಳು ತಪ್ಪದೆ ಮಾತ್ರೆ ನುಂಗಿದ್ದೇನೆ. ಹೋದ ವಾರದಿಂದ ಹಳೆಯ ಮಚ್ಚೆಗಳು ಕೆಂಪಾಗಿ ಉಬ್ಬಿವೆ, ಮೊಣಕೈ ಹತ್ತಿರ ನೋವು, ಕಿರುಬೆರಳು ಬಗ್ಗಿದಂತಾಗಿದೆ. ಔಷಧ ನನ್ನ ಮೈಗೆ ಒಗ್ಗುತ್ತಿಲ್ಲವೇ?

ಉತ್ತರ: ಈ ಪತ್ರ ನನ್ನ ಕೈಗೆ ಬರುವಷ್ಟರಲ್ಲಿ ಹತ್ತು ದಿನ ಕಳೆದಿತ್ತು, ಆದ್ದರಿಂದ ಅವರಿಗೆ ಕೂಡಲೇ ಬೇರೆಯಾಗಿ ಉತ್ತರಿಸಿದ್ದೇನೆ. ಇತರರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಈ ರೋಗದಲ್ಲಿ ಕೈಕಾಲು ಹೋಗುವುದು ಬಹುಪಾಲು ಇಂಥ ವಾರಗಳಲ್ಲಿಯೇ.

ಇದು ಔಷಧ ಒಗ್ಗದ್ದಲ್ಲ, ರೋಗ ಮರುಕಳಿಸಿದ್ದೂ ಅಲ್ಲ. ಚರ್ಮದಲ್ಲಿಯೂ ನರದಲ್ಲಿಯೂ ಉಳಿದಿರುವ ರೋಗಾಣುಗಳ ಮೇಲೆ, ಅವು ಸತ್ತವೇ ಆಗಿದ್ದರೂ, ದೇಹದ ರಕ್ಷಣಾ ಶಕ್ತಿ ಒಮ್ಮೆಲೇ ತಿರುಗಿ ಬೀಳುತ್ತದೆ; ಆ ಜಗಳದಲ್ಲಿ ನರ ಊದಿಕೊಂಡು ತನ್ನ ಹೊದಿಕೆಯೊಳಗೇ ಹಿಸುಕಿಹೋಗುತ್ತದೆ. ಇದಕ್ಕೆ ರಿಯಾಕ್ಷನ್ ಎನ್ನುತ್ತೇವೆ. ಚಿಕಿತ್ಸೆಗೆ ಮುಂಚೆ, ನಡುವೆ, ಮುಗಿದ ಎಷ್ಟೋ ತಿಂಗಳ ಮೇಲೆ ಕೂಡ ಇದು ಬರಬಹುದು. ಮೊಣಕೈಯ ಹಿಂದಿನ ನರ ಸಿಕ್ಕಿಕೊಂಡರೆ ಕಿರುಬೆರಳು, ಉಂಗುರದ ಬೆರಳು ಬಗ್ಗುತ್ತವೆ. ಮೊಣಕಾಲಿನ ಪಕ್ಕದ ನರವಾದರೆ ನಡೆಯುವಾಗ ಪಾದ ಮೇಲೇಳದೆ ಚಪ್ಪಲಿ ಕಳಚಿಬೀಳುತ್ತದೆ. ಮುಖದ ನರವಾದರೆ ಕಣ್ಣೆವೆ ಪೂರ್ತಿ ಮುಚ್ಚುವುದಿಲ್ಲ. ನೋವೇ ಇಲ್ಲದೆ ನರ ಸದ್ದಿಲ್ಲದೆ ಕೆಡುವುದೂ ಉಂಟು. ಆದ್ದರಿಂದ ಅಂಗಿಯ ಗುಂಡಿ ಹಾಕುವುದು, ಕಲಸಿದ ಅನ್ನ ಎತ್ತುವುದು ಕಷ್ಟವಾಗತೊಡಗಿದೆಯೇ ಎಂದು ಪ್ರತಿ ತಿಂಗಳೂ ಗಮನಿಸಬೇಕು.

ಇಲ್ಲಿಗೆ ಔಷಧ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್. ಸಾಮಾನ್ಯವಾಗಿ ದಿನಕ್ಕೆ 40 ಮಿಲಿಗ್ರಾಂನಿಂದ ಆರಂಭಿಸಿ, ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಹಲವು ತಿಂಗಳು ಕೊಡುತ್ತೇವೆ. ಅದಕ್ಕೆ ಮೊದಲು ಸಕ್ಕರೆ, ರಕ್ತದೊತ್ತಡ ನೋಡಬೇಕು, ಕ್ಷಯವಿದೆಯೇ ಎಂದು ವಿಚಾರಿಸಬೇಕು, ಹೊಟ್ಟೆಹುಳಕ್ಕೆ ಔಷಧ ಕೊಡಬೇಕು. ಊದಿದ ನರಕ್ಕೆ ವಿಶ್ರಾಂತಿ ಸಿಗಲೆಂದು ಕೈಗೆ ಪಟ್ಟಿ ಕಟ್ಟುತ್ತೇವೆ. ಕುಷ್ಠರೋಗದ ಮಾತ್ರೆಯೂ ಜೊತೆಗೇ ಮುಂದುವರಿಯಬೇಕು. ನರ ಕೆಟ್ಟು 6 ತಿಂಗಳೊಳಗಾದರೆ ಚೇತರಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿರುತ್ತದೆ, ಆಮೇಲೆ ಅದು ಇಳಿಯುತ್ತಾ ಹೋಗುತ್ತದೆ. ನೋವು ಕಡಿಮೆಯಾಯಿತೆಂದು ಸ್ಟಿರಾಯ್ಡನ್ನು ನೀವಾಗಿಯೇ ತಟ್ಟನೆ ನಿಲ್ಲಿಸಿದರೆ ಎರಡು ಬಗೆಯ ಅಪಾಯವಿದೆ: ನರ ಮತ್ತೆ ಊದುತ್ತದೆ, ದೇಹವೂ ಕುಸಿಯುತ್ತದೆ.

ಇನ್ನೊಂದು ಬಗೆಯ ರಿಯಾಕ್ಷನ್ ಎಂ.ಬಿ. ರೋಗಿಗಳಿಗಷ್ಟೇ ಬರುತ್ತದೆ: ಜ್ವರ, ಕೀಲುನೋವು, ಮುಖ ಮತ್ತು ಕೈಕಾಲುಗಳ ಮೇಲೆ ಮುಟ್ಟಿದರೆ ನೋಯುವ ಕೆಂಪು ಗಂಟುಗಳು, ಕೆಲವರಿಗೆ ಕಣ್ಣು ಕೆಂಪಾಗಿ ನೋಯುವುದು. ಅದಕ್ಕೂ ಪ್ರೆಡ್ನಿಸೊಲೋನ್ ಕೊಡುತ್ತೇವೆ, ಮರುಕಳಿಸುತ್ತಿದ್ದರೆ ಕ್ಲೊಫಾಜಿಮಿನ್ನನ್ನು ಹೆಚ್ಚಿಸುತ್ತೇವೆ. ಥಾಲಿಡೋಮೈಡ್ ಇದಕ್ಕೆ ಬಲವಾದ ಮದ್ದು, ಆದರೆ ಗರ್ಭದ ಶಿಶುವಿನ ಅಂಗಾಂಗಗಳನ್ನು ಊನಮಾಡುವ ಔಷಧವಾದ್ದರಿಂದ ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಕೊಡುವಂತಿಲ್ಲ. ಕುಷ್ಠರೋಗದ ಮೂಲ ಔಷಧಗಳಿಗೆ ಆ ಭಯವಿಲ್ಲ. ಬಸುರಿಯರೂ ಹಾಲೂಡಿಸುವ ತಾಯಂದಿರೂ ಅವನ್ನು ತೆಗೆದುಕೊಳ್ಳಬಹುದು.

ಪ್ರಶ್ನೆ: ಏಳು ವರ್ಷದ ಮಗಳ ಕೆನ್ನೆಯ ಮೇಲೆ ಬಿಳಿಚಿದ ಮಚ್ಚೆಗಳಿವೆ. ಅತ್ತೆ ಹೊಟ್ಟೆಯಲ್ಲಿ ಹುಳ ಎನ್ನುತ್ತಾರೆ. ನಿಮ್ಮ ಲೇಖನ ಓದಿದ ಮೇಲೆ ನಿದ್ರೆಯಿಲ್ಲ.

ಉತ್ತರ: ನಿದ್ರೆ ಕೆಡಿಸಿದ್ದಕ್ಕೆ ಕ್ಷಮಿಸಿ. ಆ ವಯಸ್ಸಿನಲ್ಲಿ ಕೆನ್ನೆಯ ಮೇಲೆ ಅಂಚು ಮಸುಕಾದ, ಸಣ್ಣಗೆ ಹೊಟ್ಟೇಳುವ ಮಚ್ಚೆಗಳು ಸಾಮಾನ್ಯವಾಗಿ ಒಣಚರ್ಮದಿಂದ ಬರುವ ಇಸುಬಿನ ಒಂದು ಸೌಮ್ಯ ರೂಪ. ಹುಳಕ್ಕೂ ಇದಕ್ಕೂ ನಂಟಿಲ್ಲ. ಸೋಪು ಕಡಿಮೆ ಮಾಡಿ, ಎಣ್ಣೆಯನ್ನೋ ತೇವ ಹಿಡಿಯುವ ಕ್ರೀಮನ್ನೋ ದಿನಕ್ಕೆರಡು ಬಾರಿ ಹಚ್ಚಿ. ಬಣ್ಣ ಮರಳಲು ತಿಂಗಳುಗಳೇ ಬೇಕು. ಆದರೂ ಒಮ್ಮೆ ವೈದ್ಯರಿಗೆ ತೋರಿಸಿ, ಅದರಲ್ಲೂ ಮನೆಯಲ್ಲಿ ಯಾರಿಗಾದರೂ ಕುಷ್ಠರೋಗ ಇದ್ದಿದ್ದರೆ. ಮುಖದ ಚರ್ಮಕ್ಕೆ ನರಗಳು ದಟ್ಟವಾಗಿರುವುದರಿಂದ ಅಲ್ಲಿಯ ಮಚ್ಚೆ ಕುಷ್ಠರೋಗದ್ದೇ ಆಗಿದ್ದರೂ ಹತ್ತಿಯ ಪರೀಕ್ಷೆಯಲ್ಲಿ ಸಿಕ್ಕಿಬೀಳದಿರಬಹುದು.

ಪ್ರಶ್ನೆ: ತೊಡೆಸಂದಿಯ ಹುಳುಕಡ್ಡಿಗೆ ಅಂಗಡಿಯಲ್ಲಿ ಕೊಟ್ಟ ಟ್ಯೂಬು ಹಚ್ಚಿದರೆ ಎರಡು ದಿನದಲ್ಲಿ ಇಳಿಯುತ್ತದೆ, ಬಿಟ್ಟರೆ ದುಪ್ಪಟ್ಟಾಗುತ್ತದೆ. ಯಾಕೆ?

ಉತ್ತರ: ಆ ಟ್ಯೂಬಿನಲ್ಲಿ ಕ್ಲೊಬೆಟಸಾಲ್ ಅಥವಾ ಬೀಟಾಮೆಥಸೋನ್ ಎಂಬ ಹೆಸರಿದೆಯೇ ನೋಡಿ. ಇದ್ದರೆ ಅದು ಸ್ಟಿರಾಯ್ಡ್. ಕೆಂಪನ್ನೂ ತುರಿಕೆಯನ್ನೂ ಅಡಗಿಸುತ್ತದೆ, ಶಿಲೀಂಧ್ರ ಮಾತ್ರ ಒಳಗೊಳಗೇ ಹಬ್ಬುತ್ತದೆ, ಚರ್ಮ ತೆಳುವಾಗಿ ಸೀಳುಗೆರೆಗಳು ಏಳುತ್ತವೆ. ಅದನ್ನು ಬಿಟ್ಟು ವೈದ್ಯರನ್ನು ಕಾಣಿ; ಸ್ಟಿರಾಯ್ಡ್ ಇಲ್ಲದ ಶಿಲೀಂಧ್ರನಾಶಕ ಮುಲಾಮಿನ ಜೊತೆಗೆ ಇಟ್ರಾಕೊನಜೋಲ್ ಅಥವಾ ಟರ್ಬಿನಾಫಿನ್ ಮಾತ್ರೆ ಬೇಕಾಗಬಹುದು. ಮನೆಯಲ್ಲಿ ಇತರರಿಗೂ ಇದ್ದರೆ ಎಲ್ಲರೂ ಒಟ್ಟಿಗೇ ಚಿಕಿತ್ಸೆ ಪಡೆಯಬೇಕು, ಟವೆಲು ಬೇರೆ ಬೇರೆ ಇರಬೇಕು. ತಟ್ಟೆ ಲೋಟಕ್ಕೆ ಹೇಳದ ಮಾತನ್ನು ಟವೆಲಿಗೆ ಹೇಳುತ್ತಿದ್ದೇನೆ, ಗಮನಿಸಿ.

ಪ್ರಶ್ನೆ: ತಂದೆಗೆ ಇಪ್ಪತ್ತೈದು ವರ್ಷದ ಹಿಂದೆ ಕುಷ್ಠರೋಗ ಗುಣವಾಗಿದೆ. ಈಗ ಅಂಗಾಲಿನಲ್ಲಿ ಹುಣ್ಣಾಗಿ ಮಾಯುತ್ತಿಲ್ಲ. ರೋಗ ತಿರುಗಿ ಬಂದಿದೆಯೇ? ತಂಗಿಗೆ ಗಂಡು ನೋಡುತ್ತಿದ್ದೇವೆ, ಈ ವಿಷಯ ತಿಳಿದರೆ ಮುಂದೆ ಕಾನೂನಿನ ತೊಡಕು ಬರುತ್ತದೆಯೇ?

ಉತ್ತರ: ಎರಡನೆಯದನ್ನು ಮೊದಲು ಹೇಳುತ್ತೇನೆ. ಕುಷ್ಠರೋಗ ವಂಶವಾಹಿಯಾಗಿ ಬರುವ ಕಾಯಿಲೆಯಲ್ಲ, ತಂದೆಯ ಹಳೆಯ ರೋಗದಿಂದ ತಂಗಿಯ ಮದುವೆಗೆ ಕಾನೂನಿನ ಅಡ್ಡಿಯೂ ಇಲ್ಲ. ಸ್ವತಃ ಗಂಡನಿಗೋ ಹೆಂಡತಿಗೋ ಈ ರೋಗವಿದ್ದರೆ ಅದೇ ವಿಚ್ಛೇದನಕ್ಕೆ ಕಾರಣವಾಗಬಹುದೆಂಬ ಮಾತನ್ನು ವೈಯಕ್ತಿಕ ಕಾನೂನುಗಳಿಂದ 2019ರ ತಿದ್ದುಪಡಿ ತೆಗೆದುಹಾಕಿದೆ. ರೋಗಿಗಳನ್ನು ಬೇರ್ಪಡಿಸಿಡಲು ಬ್ರಿಟಿಷರು 1898ರಲ್ಲಿ ಮಾಡಿದ್ದ ಕಾಯ್ದೆ 2016ರಲ್ಲಿ ರದ್ದಾಗಿದೆ.

ಇನ್ನು ಹುಣ್ಣಿನ ವಿಚಾರ. ಬಹುಶಃ ರೋಗ ತಿರುಗಿ ಬಂದಿಲ್ಲ. ಆಗ ಕೆಟ್ಟ ನರ ಹಾಗೆಯೇ ಉಳಿದಿದೆ. ಅಂಗಾಲಿಗೆ ನೋವಿನ ಅರಿವಿಲ್ಲದ್ದರಿಂದ ಚಪ್ಪಲಿಯೊಳಗಿನ ಕಲ್ಲು, ಬಿಸಿ ನೆಲ, ದಿನವಿಡೀ ಒಂದೇ ಜಾಗದ ಮೇಲೆ ಬೀಳುವ ಭಾರ ಯಾವುದೂ ಅವರಿಗೆ ತಿಳಿಯುವುದಿಲ್ಲ. ಆ ಹುಣ್ಣಿಗೆ ಮುಖ್ಯ ಮದ್ದು ವಿಶ್ರಾಂತಿ. ಆದರೆ ಮೂಳೆಗೆ ಸೋಂಕು ತಗುಲಿದೆಯೇ, ಸಕ್ಕರೆ ಕಾಯಿಲೆ ಇದೆಯೇ ಎಂದು ಮೊದಲು ವೈದ್ಯರಿಂದ ಪರೀಕ್ಷೆ ಮಾಡಿಸಿ. ಮಾಯ್ದ ಮೇಲೆ ದಿನವೂ ಸಂಜೆ ಇಪ್ಪತ್ತು ನಿಮಿಷ ಉಗುರುಬೆಚ್ಚಗಲ್ಲದ, ತಣ್ಣನೆಯ ನೀರಿನಲ್ಲಿ ಪಾದ ನೆನೆಸಿ, ಗಟ್ಟಿಚರ್ಮವನ್ನು ಒರಟು ಕಲ್ಲಿನಿಂದ ಮೆತ್ತಗೆ ಉಜ್ಜಿ, ಒರೆಸದೆ ಎಣ್ಣೆ ಸವರಿ ನೀರಿನ ಅಂಶ ಒಳಗೇ ಉಳಿಯುವಂತೆ ಮಾಡಬೇಕು. ಮೆತ್ತನೆಯ ಒಳ ಅಟ್ಟೆಯ ಎಂ.ಸಿ.ಆರ್. ಪಾದರಕ್ಷೆಯನ್ನು ಸರ್ಕಾರಿ ಕುಷ್ಠರೋಗ ವಿಭಾಗದಲ್ಲಿ ಉಚಿತವಾಗಿ ಕೊಡುತ್ತಾರೆ. ತಂದೆಯವರ ಕಣ್ಣು ಮಂಜಾಗಿದ್ದರೆ ಮಲಗುವ ಮುನ್ನ ನೀವೇ ಅವರ ಅಂಗಾಲನ್ನು ದೀಪದ ಬೆಳಕಿನಲ್ಲಿ ನೋಡಿ, ಎಲ್ಲಾದರೂ ಕೆಂಪಾಗಿದೆಯೇ, ಬಿಸಿಯಾಗಿದೆಯೇ ಎಂದು ಕೈಯಿಂದ ಮುಟ್ಟಿ ತಿಳಿಯಿರಿ.