ಬೀಡಿಂಗ್ ಕಿತ್ತಾಗ ಕಾಣುವ ಗೆರೆ

ಪ್ರಶ್ನೆ: ನನ್ನದು 2011ರ ಕೆಂಪು ಕಾರು. ನಾಲ್ಕೂ ಬಾಗಿಲುಗಳ ಉದ್ದಕ್ಕೆ ಅಂಟಿಸಿದ ಕಪ್ಪು ಸೈಡ್ ಬೀಡಿಂಗ್ ಬಿಸಿಲಿಗೆ ಬಿಳಿಚಿಕೊಂಡಿದೆ, ಹಿಂದಿನ ಬಾಗಿಲಿನದು ಒಂದು ತುದಿಯಲ್ಲಿ ಎದ್ದಿದೆ. ಎಲ್ಲವನ್ನೂ ತೆಗೆದುಬಿಡೋಣ ಎಂದು ಆ ತುದಿಯನ್ನು ಸ್ವಲ್ಪ ಎಳೆದೆ. ಅಡಿಯ ಬಣ್ಣ ಬೇರೆಯೇ ಕಾಣುತ್ತಿದೆ. ನಾಲ್ಕೂ ಬಾಗಿಲಿಗೆ ಹೊಸ ಬಣ್ಣ ಹೊಡೆಯಬೇಕೆಂದು ಪೇಂಟರ್ ಹೇಳುತ್ತಾರೆ. ಬೇಕೇ? – ಓದುಗರು, ಮಂಡ್ಯ

ಉತ್ತರ: ಇನ್ನು ಎಳೆಯಬೇಡಿ. ಬಣ್ಣ ಹೊಡೆಸುವ ಮಾತನ್ನೂ ಸದ್ಯಕ್ಕೆ ಬದಿಗಿಡಿ.

ಬೀಡಿಂಗ್ ಅಡಿಯಲ್ಲಿ ನಿಮಗೆ ಕಂಡದ್ದು ಕೆಟ್ಟ ಬಣ್ಣವಲ್ಲ. ಕಾರು ಶೋರೂಮಿನಿಂದ ಹೊರಬಂದ ದಿನದ ಕೆಂಪು ಅದು. ಇಷ್ಟು ವರ್ಷ ಬಿಸಿಲು ಅದಕ್ಕೆ ತಾಗಿಲ್ಲ. ಮಾಸಿರುವುದು ಅದರ ಸುತ್ತಲಿನ ಬಾಗಿಲು. ಕೆಂಪಂತೂ ಉಳಿದ ಬಣ್ಣಗಳಿಗಿಂತ ಬೇಗ ಸೋಲುತ್ತದೆ. ಆದ್ದರಿಂದ ರಿಪೇರಿ ನಡೆಯಬೇಕಾದದ್ದು ಬೀಡಿಂಗ್ ಇದ್ದ ಜಾಗದಲ್ಲಲ್ಲ, ಅದರ ಮೇಲೆ ಮತ್ತು ಕೆಳಗೆ. ಇದನ್ನು ಗಮನಿಸದೆ ಗೆರೆಯನ್ನೇ ಉಜ್ಜಿ ಉಜ್ಜಿ ಬಣ್ಣದ ಅಡಿಯ ಪದರವಾದ ಪ್ರೈಮರ್ ಕಾಣುವಂತೆ ಮಾಡಿಕೊಂಡು ಬಂದ ಬಾಗಿಲುಗಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕಾರ್ಖಾನೆಯ ಬಣ್ಣ ಎಲ್ಲ ಪದರಗಳೂ ಸೇರಿ ಸುಮಾರು 100ರಿಂದ 150 ಮೈಕ್ರಾನ್, ಅಂದರೆ ಮಿಲಿಮೀಟರಿನ ಆರನೇ ಒಂದು ಭಾಗದಷ್ಟೂ ದಪ್ಪವಿಲ್ಲ. ಒಮ್ಮೆ ಉಜ್ಜಿ ಕಳೆದದ್ದು ಮರಳಿ ಬರುವುದಿಲ್ಲ.

ಮೊದಲು ಬೀಡಿಂಗ್ ಬಿಡಿಸೋಣ. ಬಾಗಿಲನ್ನು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಅಂಚಿನಲ್ಲಿ ಕೂತ ಧೂಳೇ ಮುಂದೆ ಗೀರು ಹಾಕುವುದು. ನೆರಳಿನಲ್ಲಿ ನಿಲ್ಲಿಸಿ, ಕೂದಲು ಒಣಗಿಸುವ ಡ್ರೈಯರಿನಿಂದ ಒಂದು ಗೇಣಿನಷ್ಟು ಉದ್ದವನ್ನು ಒಂದೆರಡು ನಿಮಿಷ ಬಿಸಿ ಮಾಡಿ. ಕೈ ಇಟ್ಟರೆ ಸುರುಕ್ಕೆನ್ನಬೇಕು, ಆದರೂ ಕೈ ನಿಲ್ಲಬೇಕು. ಅಷ್ಟು ಬಿಸಿ ಸಾಕು. ಇನ್ನು ಬೇಕಾದದ್ದು ಗಾಳದ ನೈಲಾನ್ ದಾರ. ಎದ್ದಿರುವ ತುದಿಯ ಹಿಂದೆ ಅದನ್ನು ತೂರಿಸಿ, ಎರಡು ತುದಿಗಳನ್ನು ಬಟ್ಟೆ ಸುತ್ತಿದ ಬೆರಳುಗಳಲ್ಲಿ ಹಿಡಿದು ಗರಗಸದಂತೆ ಹಿಂದೆ ಮುಂದೆ ಎಳೆಯುತ್ತಾ ಸಾಗಿ. ಒಳಗಿನ ಸ್ಪಂಜಿನಂಥ ಟೇಪ್ ನಡುವೆ ಸೀಳಿಕೊಂಡು, ಅರ್ಧ ಬೀಡಿಂಗಿನಲ್ಲಿ, ಅರ್ಧ ಬಾಗಿಲಿನಲ್ಲಿ ಉಳಿಯುತ್ತದೆ. ಹಾಗೇ ಆಗಬೇಕು. ದಾರ ಬಿಗಿಯಾಗಿ ನಿಂತುಬಿಟ್ಟರೆ ಬಲ ಹಾಕಬೇಡಿ, ಇನ್ನೊಮ್ಮೆ ಬಿಸಿ ತೋರಿಸಿ. ಸ್ಕ್ರೂಡ್ರೈವರ್ ಮಾತ್ರ ಹತ್ತಿರ ತರಬೇಡಿ.

ಉಳಿದ ಟೇಪನ್ನು ಬೆಚ್ಚಗೆ ಮಾಡಿ ಹೆಬ್ಬೆರಳಿನಿಂದ ಒತ್ತಿ ಉರುಳಿಸಿದರೆ ಶಾವಿಗೆಯಂತೆ ಸುರುಳಿ ಸುರುಳಿಯಾಗಿ ಬರುತ್ತದೆ. ಬೆರಳು ನೋಯುವ ಕೆಲಸ, ನಾಲ್ಕು ಬಾಗಿಲಿಗೆ ಒಂದು ಮಧ್ಯಾಹ್ನವೇ ಬೇಕು. ಬೇಗ ಆಗಲೆಂದು ಡ್ರಿಲ್‌ಗೆ ಹಾಕುವ ರಬ್ಬರ್ ಚಕ್ರ ಬಳಸುವುದಾದರೆ ವೇಗ ಕಡಿಮೆ ಇರಲಿ, ಒಂದೇ ಕಡೆ ನಿಲ್ಲಿಸಬೇಡಿ, ಬಣ್ಣ ಸುಟ್ಟುಹೋಗುತ್ತದೆ. ಕೊನೆಯ ಜಿಗುಟಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅಥವಾ ಅಂಟು ತೆಗೆಯುವ ಸ್ಪ್ರೇ ಸಾಕು. ಪೇಂಟ್ ಥಿನ್ನರ್ ಬೇಡ. ಆ ಬಾಗಿಲಿಗೆ ಹಿಂದೆ ಎಂದಾದರೂ ಹೊರಗಡೆ ಬಣ್ಣ ಹೊಡೆಸಿದ್ದರೆ ಥಿನ್ನರ್ ತಾಗಿದೊಡನೆ ಬಣ್ಣವೇ ಮೆತ್ತಗಾಗಿ ಬಟ್ಟೆಗೆ ಬಂದೀತು.

ಈಗ ಬಣ್ಣ. ಬಿಳಿ ಬಟ್ಟೆಗೆ ಸ್ವಲ್ಪ ರಬ್ಬಿಂಗ್ ಕಾಂಪೌಂಡ್ (ಬಣ್ಣದ ಮೇಲ್ಮೈಯನ್ನು ತೇಯುವ ಪೇಸ್ಟ್) ಹಾಕಿ ಬಾಗಿಲಿನ ಕೆಳ ಮೂಲೆಯಲ್ಲಿ ಉಜ್ಜಿ ನೋಡಿ. ಬಟ್ಟೆ ಕೆಂಪಾದರೆ ನಿಮ್ಮ ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ, ಇಲ್ಲ. ಮೇಲ್ಪದರವಷ್ಟೇ ಸತ್ತಿದೆ, ಅದನ್ನು ತೆಗೆದರೆ ಅಡಿಯಲ್ಲಿ ಜೀವಂತ ಕೆಂಪು ಸಿಗುತ್ತದೆ. ಇಂಥ ಕಾರುಗಳೇ ಪಾಲಿಶ್‌ಗೆ ಹೆಚ್ಚು ಒಲಿಯುವುದು. ಬಟ್ಟೆ ಕೆಂಪಾಗದಿದ್ದರೆ ಮೇಲೆ ಕ್ಲಿಯರ್ ಕೋಟ್ ಇದೆ. ಆಗಲೂ ಕಾಂಪೌಂಡ್, ಆಮೇಲೆ ಪಾಲಿಶ್ ಎಂಬ ಕ್ರಮವೇ, ಆದರೆ ಕೈ ಹಗುರವಾಗಿರಲಿ. ಗೆರೆಯ ಮೇಲೆ ಟೇಪ್ ಅಂಟಿಸಿ ಕಾಪಾಡಿ, ಸುತ್ತಲಿನ ಬಾಗಿಲಿಗೆ ಕಾಂಪೌಂಡ್ ಮಾಡಿ, ಟೇಪ್ ತೆಗೆದ ಮೇಲೆ ಇಡೀ ಬಾಗಿಲಿಗೆ ಒಟ್ಟಿಗೆ ಪಾಲಿಶ್ ಕೊಡಿ. ಓರೆಯಿಂದ ನೋಡಿದಾಗ ಒಂದು ಸಣ್ಣ ಅಂಚು ಕಾಣಬಹುದು. ಅದನ್ನೂ ಅಳಿಸುತ್ತೇನೆಂದು 2000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ತೇಯುವ ಉಜ್ಜುಕಾಗದ) ಹಿಡಿಯುವ ಧೈರ್ಯ ಮೊದಲ ಸಲ ಮಾಡುವವರಿಗೆ ಬೇಡ.

ನಿಮ್ಮ ಕಡೆಯ ಕಾರುಗಳಲ್ಲಿ ಇನ್ನೊಂದು ತೊಂದರೆ ನೋಡುತ್ತೇನೆ. ಕಬ್ಬು ತುಂಬಿದ ಗಾಡಿ, ಟ್ರ್ಯಾಕ್ಟರುಗಳ ಪಕ್ಕದಲ್ಲಿ ನುಸುಳಿದ ಕಾರಿನ ಬಾಗಿಲ ಮೇಲೆ ಗರಿಗಳ ಉದ್ದುದ್ದ ಗೀರು. ಕಬ್ಬಿನ ಗರಿಯ ಅಂಚು ಸಣ್ಣ ಗರಗಸವೇ ತಾನೆ. ಉಗುರನ್ನು ಗೀರಿಗೆ ಅಡ್ಡವಾಗಿ ಎಳೆಯಿರಿ. ಸಿಕ್ಕಿಕೊಳ್ಳದಿದ್ದರೆ ಪಾಲಿಶ್‌ನಲ್ಲಿ ಹೋಗುತ್ತದೆ. ಸಿಕ್ಕಿಕೊಂಡರೆ ಆ ಬಾಗಿಲಿಗೆ ಮಾತ್ರ ಬಣ್ಣದ ಯೋಚನೆ ಮಾಡಿ, ನಾಲ್ಕಕ್ಕೂ ಅಲ್ಲ.

ಪ್ರಶ್ನೆ: ಸಿಲ್ವರ್ ಕಾರಿನ ಬೀಡಿಂಗ್ ತೆಗೆದೆ. ಕ್ಲಿಪ್ ಕೂರಿಸಿದ್ದ ರಂಧ್ರಗಳಿವೆ, ಸುತ್ತ ತುಕ್ಕು. ಪಟ್ಟಿ ತುಂಬಿ ಬಣ್ಣ ಹೊಡೆದರೆ ಸಾಕೇ? – ಓದುಗರು, ಮೈಸೂರು

ಉತ್ತರ: ಸಾಲದು. ಪಟ್ಟಿ, ಅಂದರೆ ತಗ್ಗು ತುಂಬುವ ಲೇಪ, ತೇವ ಹೀರುತ್ತದೆ. ಅಡಿಯಲ್ಲಿ ತುಕ್ಕು ಉಳಿದರೆ ಬಣ್ಣ ಗುಳ್ಳೆ ಏಳುತ್ತದೆ. ಒಳಗಿನ ಡೋರ್ ಪ್ಯಾಡ್ ಬಿಚ್ಚಿಸಿ, ತುಕ್ಕನ್ನು ಹೊಳೆಯುವ ಲೋಹದವರೆಗೆ ತೆಗೆಸಿ, ರಂಧ್ರವನ್ನು ವೆಲ್ಡಿಂಗ್‌ನಿಂದ ಮುಚ್ಚಿಸಿ, ಒಳಗೂ ಹೊರಗೂ ಎಪಾಕ್ಸಿ ಪ್ರೈಮರ್ ಹೊಡೆಸಿ. ಆಮೇಲೆ ತೆಳುವಾದ ಪಟ್ಟಿ, ಬಣ್ಣ, ಕ್ಲಿಯರ್ ಕೋಟ್. ಸಿಲ್ವರ್ ಬಣ್ಣವನ್ನು ಬಾಗಿಲಿನ ನಡುವೆ ನಿಲ್ಲಿಸಿದರೆ ತೇಪೆಯಂತೆ ಕಾಣುತ್ತದೆ, ಪಕ್ಕದ ಪ್ಯಾನೆಲ್‌ಗೂ ಸ್ವಲ್ಪ ಹರಡಿ ಕರಗಿಸಬೇಕು. ಹಾರ್ಡನರ್ (ಬಣ್ಣ ಗಟ್ಟಿಯಾಗಲು ಬೆರೆಸುವ ದ್ರವ) ಬೆರೆಸಿದ ಪಿಯು (ಪಾಲಿಯುರೆಥೇನ್) ಬಣ್ಣವನ್ನು ಮನೆಯಂಗಳದಲ್ಲಿ ನೀವೇ ಹೊಡೆಯಲು ಹೋಗಬೇಡಿ. ಅದರ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು, ಮೂಗಿಗೆ ಕಟ್ಟಿದ ಕರವಸ್ತ್ರ ತಡೆಯುವುದಿಲ್ಲ.

ಆಯುಧಪೂಜೆಗೆ ಕಾರು ಹೊಸದಾಗಿ ಕಾಣಬೇಕೆಂಬ ಆಸೆ ನಮ್ಮೂರಿನಲ್ಲಿ ಎಲ್ಲರಿಗೂ ಇರುತ್ತದೆ. ಹಾಗಾದರೆ ಹಬ್ಬಕ್ಕೆ ಒಂದು ತಿಂಗಳು ಮೊದಲೇ ಪೇಂಟರಿಗೆ ಕೊಡಿ. ಹಿಂದಿನ ವಾರ ಕೊಟ್ಟರೆ ಪ್ರೈಮರ್ ಒಣಗಲೂ ಯಾರೂ ಕಾಯುವುದಿಲ್ಲ. ಹೊಸ ಬಣ್ಣಕ್ಕೆ ಒಂದು ತಿಂಗಳು ವ್ಯಾಕ್ಸ್ ಹಾಕಬೇಡಿ. ಅಷ್ಟರೊಳಗೆ ಹಬ್ಬ ಬಂದರೆ ಅರಿಶಿನ, ಕುಂಕುಮವನ್ನು ಗಾಜಿಗೆ ಇಟ್ಟು, ಹೂವಿನ ಹಾರವನ್ನು ಬಾಗಿಲಿಗೆ ಟೇಪಿನಿಂದ ಅಂಟಿಸದೆ ಮುಂದಿನ ಗ್ರಿಲ್ಲಿಗೆ ಕಟ್ಟಿ.