ಐಸ್‌ಲ್ಯಾಂಡ್‌ನ ಕೈಹೆಣಿಗೆ ಸ್ವೆಟರ್ ಮಲೆನಾಡಿನಲ್ಲಿ ಉಪಯೋಗಕ್ಕೆ ಬರುತ್ತದಾ?

ಬರುತ್ತದೆ, ಆದರೆ ವರ್ಷಕ್ಕೆ ಕೆಲವೇ ವಾರ. ನೀವು ಕೇಳಿರುವುದು ಇಷ್ಟು: ಸೆಪ್ಟೆಂಬರ್‌ನಲ್ಲಿ ಐಸ್‌ಲ್ಯಾಂಡ್‌ಗೆ ಹೋದಾಗ ಅಲ್ಲಿಯ ‘ಲೋಪಪೇಸಾ’ ಉಲ್ಲನ್ ಸ್ವೆಟರ್ ಕೊಳ್ಳಬಹುದಾ, ಕೈಯಲ್ಲೇ ಹೆಣೆದದ್ದು ಅಂತ ಪತ್ತೆ ಮಾಡುವುದು ಹೇಗೆ, ಶಿವಮೊಗ್ಗದಲ್ಲಿರುವ ಅಪ್ಪಯ್ಯನಿಗೂ ಒಂದು ತರಲಾ. ನನ್ನ ಮನೆ ತೀರ್ಥಹಳ್ಳಿ ಹತ್ತಿರ, ನನ್ನ ಬಳಿಯೂ ಇಂಥದ್ದೊಂದಿದೆ. ಹಾಗಾಗಿ ಇಲ್ಲಿಗೆ ತಂದ ಮೇಲಿನ ಕಥೆಯನ್ನೂ ಸೇರಿಸಿಯೇ ಹೇಳುತ್ತೇನೆ.

ಕೊಳ್ಳುವುದಾದರೆ ಅಲ್ಲಿ ಇಳಿದ ದಿನವೇ ಕೊಳ್ಳಿ. ಎಷ್ಟೋ ಜನ ಕೊನೇ ದಿನ ನೆನಪಿಗೆ ಅಂತ ಏರ್‌ಪೋರ್ಟ್‌ನಲ್ಲಿ ಕೊಳ್ಳುತ್ತಾರೆ, ಊರಿಗೆ ತಂದು ಬೀರುವಿಗೆ ಸೇರಿಸುತ್ತಾರೆ. ಇದು ಅಲ್ಲಿಯ ಗಾಳಿಗೆ, ಜಿನುಗು ಮಳೆಗೆ ಅಂತಲೇ ಇರುವ ಬಟ್ಟೆ. ಸೆಪ್ಟೆಂಬರ್‌ನಲ್ಲಿ ಅಲ್ಲಿ ಎರಡೂ ಧಾರಾಳ. ಕೊಟ್ಟ ದುಡ್ಡು ಅಲ್ಲೇ ವಸೂಲಾಗಬೇಕು. ದುಡ್ಡೂ ಕಡಿಮೆಯಲ್ಲ, ಕೈಹೆಣಿಗೆಯದು ನಮ್ಮ ಲೆಕ್ಕದಲ್ಲಿ ಇಪ್ಪತ್ತು ಸಾವಿರದ ಆಸುಪಾಸು ಅಂತ ಇಟ್ಟುಕೊಳ್ಳಿ.

ಆ ಉಣ್ಣೆಯ ವಿಶೇಷ ಇರುವುದು ಕುರಿಯಲ್ಲಿ. ಸಾವಿರ ವರ್ಷಕ್ಕೂ ಹಿಂದೆ ಅಲ್ಲಿ ನೆಲೆಸಲು ಬಂದವರು ಹಡಗಿನಲ್ಲಿ ತಂದ ತಳಿ ಅದು. ಅದಕ್ಕೆ ಎರಡು ಪದರ ಕೂದಲು. ಹೊರಗಿನ ಉದ್ದ ಕೂದಲು ‘ಟೋಗ್’, ನೀರನ್ನು ಜಾರಿಸುತ್ತದೆ. ಒಳಗಿನ ಮೆತ್ತನೆಯದು ‘ಥೆಲ್’, ಬಿಸಿ ಹಿಡಿಯುತ್ತದೆ. ಎರಡನ್ನೂ ಸೇರಿಸಿ, ಹೆಚ್ಚು ಹುರಿ ಮಾಡದೆ ತೆಗೆದ ಸಡಿಲ ಎಳೆಯೇ ‘ಲೋಪಿ’. ಎಳೆ ಸಡಿಲವಾಗಿರುವುದರಿಂದ ನಡುವೆ ಗಾಳಿ ನಿಲ್ಲುತ್ತದೆ, ಸ್ವೆಟರ್ ದಪ್ಪ ಕಂಡರೂ ಹಗುರ. ಕುರಿ ಅಷ್ಟು ಹಳೆಯದಾದರೂ ಭುಜದ ಸುತ್ತ ಹೂಮಾಲೆಯಂತೆ ಕಾಣುವ ಆ ವಿನ್ಯಾಸ ಜನಪ್ರಿಯವಾಗಿದ್ದು ಕಳೆದ ಶತಮಾನದ ಮಧ್ಯಭಾಗದಲ್ಲಿ. ಅಂಗಡಿಯವರು ಅದು ಹಡಗಿನಲ್ಲಿ ಬಂದ ಆ ಮೊದಲಿನವರ, ಅಂದರೆ ವೈಕಿಂಗರ ಕಾಲದ್ದು ಅಂದರೆ ನಕ್ಕು ಸುಮ್ಮನಾಗಿ.

ಈಗ ಅಸಲಿ ವಿಷಯ. ‘ಐಸ್‌ಲ್ಯಾಂಡಿಕ್ ವೂಲ್’ ಅಂತ ಚೀಟಿ ಇದ್ದ ಮಾತ್ರಕ್ಕೆ ಸ್ವೆಟರ್ ಅಲ್ಲಿ ಹೆಣೆದದ್ದು ಅಂತಲ್ಲ. ಉಣ್ಣೆ ಅಲ್ಲಿಯದು, ಹೆಣಿಗೆ ಚೀನಾದ್ದು ಆಗಿರಬಹುದು. ಕೈಹೆಣಿಗೆಯೇ ಆಗಿರಲೂಬಹುದು, ಆದರೆ ನೀವು ಹುಡುಕುತ್ತಿರುವುದು ಅದಲ್ಲ ಅಲ್ವಾ? 2020ರಲ್ಲಿ ‘ಐಸ್‌ಲ್ಯಾಂಡ್ ಲೋಪಪೇಸಾ’ ಅನ್ನುವ ಹೆಸರಿಗೇ ಅಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು, ನಮ್ಮ ಮೈಸೂರು ರೇಷ್ಮೆಗೆ ಜಿಐ (ಊರಿನ ಹೆಸರಿನ ಗುರುತು) ಇದೆಯಲ್ಲ, ಆ ಥರ. ಹೆಣೆದ ದೇಶ ಯಾವುದು ಅಂತ ಚೀಟಿಯಲ್ಲಿ ಓದಿ, ಇಲ್ಲದಿದ್ದರೆ ಬಾಯಿಬಿಟ್ಟು ಕೇಳಿ.

ಆಮೇಲೆ ಸ್ವೆಟರನ್ನು ಒಳಮಗ್ಗುಲು ಮಾಡಿ ನೋಡಿ. ಅಂಗಡಿಯಲ್ಲಿ ಸಂಕೋಚ ಬೇಡ. ಕೈಹೆಣಿಗೆಯದನ್ನು ಸುತ್ತು ಕಡ್ಡಿಯಲ್ಲಿ ಕೊಳವೆಯ ಹಾಗೆ ಹೆಣೆಯುತ್ತಾರೆ, ಹಾಗಾಗಿ ಪಕ್ಕೆಯಲ್ಲಿ ಹೊಲಿಗೆ ಇರುವುದಿಲ್ಲ. ತೋಳು ಮೈಗೆ ಸೇರುವ ಕಡೆ, ಕಂಕುಳಲ್ಲಿ ಮಾತ್ರ ಒಂದು ಸಣ್ಣ ಜೋಡಣೆ ಸಿಗುತ್ತದೆ. ಭುಜದ ವಿನ್ಯಾಸದ ಹಿಂದೆ, ಮುಂದೆ ಕಾಣದ ಬಣ್ಣದ ಎಳೆಗಳು ಅಡ್ಡಡ್ಡ ಹಾದುಹೋಗಿರುತ್ತವೆ. ಅದರಡಿ ಬೆರಳು ಹಾಕಿ. ಎಳೆ ತೀರಾ ಜೋಲುತ್ತಿದ್ದರೆ ಹಾಕಿಕೊಳ್ಳುವಾಗ ಬೆರಳಿಗೆ, ಉಂಗುರಕ್ಕೆ ಸಿಕ್ಕಿಕೊಳ್ಳುತ್ತದೆ. ತೀರಾ ಬಿಗಿಯಿದ್ದರೆ ಮುಂದುಗಡೆ ಸುಕ್ಕು ಬಿದ್ದಿರುತ್ತದೆ. ಎರಡೂ ಇಲ್ಲದಿದ್ದರೆ ಹೆಣೆದವರ ಕೈ ಪಳಗಿದ್ದು ಅಂತ ಲೆಕ್ಕ. ಜಿಪ್ ಇರುವುದರಲ್ಲಿ ಮಧ್ಯೆ ಹೊಲಿಗೆ ಕಂಡರೆ ಗಾಬರಿಯಾಗಬೇಡಿ. ಅದನ್ನೂ ಕೊಳವೆಯಾಗಿ ಹೆಣೆದು, ಆಮೇಲೆ ಎದೆಯ ಮಧ್ಯೆ ಕತ್ತರಿ ಹಾಕಿ ಸೀಳುತ್ತಾರೆ. ನೋಡಿದರೆ ಎದೆ ಝಲ್ ಅನ್ನುತ್ತದೆ, ಆದರೆ ಸರಿಯಾದ ಪದ್ಧತಿಯೇ.

ಎಲ್ಲಿ ಕೊಳ್ಳಬೇಕು ಅಂದರೆ, ರಾಜಧಾನಿ ರೇಕ್ಯಾವಿಕ್‌ನ ಹಾಲ್‌ಗ್ರಿಮ್ಸ್‌ಕಿರ್ಕ್ಯಾ ಚರ್ಚಿನಿಂದ ಇಳಿಯುವ ರಸ್ತೆಯಲ್ಲಿ ಅಲ್ಲಿಯ ಕೈಹೆಣಿಗೆಯವರ ಸಂಘದ್ದೇ ಅಂಗಡಿ ಇದೆ. ಮನೆಯಲ್ಲಿ ಹೆಣೆಯುವವರು ಸೇರಿ 1977ರಲ್ಲಿ ಕಟ್ಟಿಕೊಂಡ ಸಂಘ. ಬೆಲೆ ಭಾರ ಅನ್ನಿಸಿದರೆ ರೆಡ್ ಕ್ರಾಸ್‌ನವರ ಹಳೇ ಬಟ್ಟೆ ಅಂಗಡಿಗಳಲ್ಲೂ ಹುಡುಕಿ. ಒಬ್ಬರು ಹಾಕಿ ಪಳಗಿಸಿದ ಸ್ವೆಟರ್ ಚುಚ್ಚುವುದೂ ಕಡಿಮೆ.

ಹೌದು, ಹೊಸದು ಚುಚ್ಚುತ್ತದೆ. ನಮ್ಮ ಕರಿ ಕಂಬಳಿಯನ್ನು ಬರಿಮೈಗೆ ಹೊದ್ದವರಿಗೆ ಗೊತ್ತಿರುತ್ತದೆ, ಹೆಚ್ಚುಕಡಿಮೆ ಅದೇ ಅನುಭವ. ಒಳಗೆ ತುಂಬು ತೋಳಿನ ಕಾಟನ್ ಶರ್ಟ್ ಇರಲಿ, ಅಳತೆಯೂ ಸ್ವಲ್ಪ ಸಡಿಲವೇ ಇರಲಿ. ಬಣ್ಣ ಹಾಕದ ಬೂದು, ಕಂದು ತಗೊಳ್ಳಿ. ಕುರಿಯ ಮೈಬಣ್ಣವೇ ಅದು. ನಮ್ಮ ಕೆಂಪು ಧೂಳಿಗೆ ಬಿಳಿ ಸ್ವೆಟರ್ ತಡೆಯುವುದಿಲ್ಲ.

ಇನ್ನು ಇಲ್ಲಿಯ ಬಳಕೆ. ಶಿವಮೊಗ್ಗ ಪೇಟೆಯಲ್ಲಿ ಡಿಸೆಂಬರ್, ಜನವರಿಯಲ್ಲೂ ಬೆಳಿಗ್ಗೆ ಒಂಬತ್ತರ ಮೇಲೆ ಇದನ್ನು ಹಾಕಿಕೊಂಡರೆ ಬೆವರು ಇಳಿಯುತ್ತದೆ. ಆದರೆ ಮಂಜು ಬೀಳುವ ಹೊತ್ತಿಗೆ ಬೈಕಿನಲ್ಲಿ ಆಗುಂಬೆ ಕಡೆ ಹೊರಟು ನೋಡಿ. ಇಬ್ಬನಿ ಉಣ್ಣೆಯ ಮೇಲೆಯೇ ಮಣಿಮಣಿಯಾಗಿ ನಿಲ್ಲುತ್ತದೆ, ಕೊಡವಿದರೆ ಹೋಯಿತು.

ನಮ್ಮಲ್ಲಿ ಇದರ ಶತ್ರು ಮಳೆಗಾಲ. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಕುಡಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನಲ್ಲಿ ಸುಮ್ನೆ ಕೂತು ಕುಡಿಯುತ್ತಲೇ ಇರುತ್ತದೆ, ಆಮೇಲೆ ಬೂಷ್ಟು. ಹಿಂದೆ ಕಂಬಳಿಗಳು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದುಕೊಂಡು ಬದುಕಿದ್ದವು, ಗ್ಯಾಸ್ ಬಂದ ಮೇಲೆ ಆ ಸೌಕರ್ಯ ಇಲ್ಲ. ನಾನು ಏಪ್ರಿಲ್‌ನಲ್ಲೇ ತೊಳೆದು ಪೂರ್ತಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ. ಬರೀ ನುಸಿಗುಳಿಗೆ ಸಾಲದು, ಅದು ಹುಳಕ್ಕೆ ಮಾತ್ರ. ಹುಳವೂ ಬೆವರು, ಸಾರಿನ ಕಲೆ ಇರುವ ಕಡೆಯೇ ಮೊದಲು ಬಾಯಿ ಹಾಕುವುದು. ಅದಕ್ಕೇ ತೊಳೆದೇ ಇಡಬೇಕು.

ತೊಳೆಯುವುದು ತಣ್ಣೀರಿನಲ್ಲಿ, ಅಂಟುವಾಳದ ನೊರೆಯಲ್ಲಿ. ಉಜ್ಜಬೇಡಿ, ಹಿಂಡಬೇಡಿ. ಟವೆಲ್‌ನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ಹರಡಿ ನೆರಳಿನಲ್ಲಿ ಒಣಗಿಸಿ. ತಂತಿಗೆ ನೇತುಹಾಕಿದರೆ ತೋಳು ಮೊಣಕಾಲಿಗೆ ಬರುತ್ತದೆ. ಬಚ್ಚಲ ಹಂಡೆಯ ಬಿಸಿನೀರು, ವಾಷಿಂಗ್ ಮಷಿನ್ ಎರಡೂ ಬೇಡ, ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಸ್ವೆಟರ್ ಕುಗ್ಗಿ ಗಟ್ಟಿಯಾಗುತ್ತದೆ. ಮತ್ತೆ ಹಿಗ್ಗಿಸುವುದು ಕಷ್ಟ.

ಅಪ್ಪಯ್ಯನಿಗೆ ಸ್ವೆಟರ್ ತರಬೇಡಿ. ವಯಸ್ಸಾದವರು ತಲೆಯ ಮೇಲಿಂದ ಹಾಕುವ, ಚುಚ್ಚುವ ಬಟ್ಟೆಯನ್ನು ಎರಡನೇ ಸಲ ಮುಟ್ಟುವುದು ಅನುಮಾನ. ಅದೇ ಅಂಗಡಿಗಳಲ್ಲಿ ಅದೇ ಉಣ್ಣೆಯ ಕೈಹೆಣಿಗೆ ಟೋಪಿ ಸಿಗುತ್ತದೆ, ಬೆಲೆಯೂ ಸ್ವೆಟರಿಗಿಂತ ಎಷ್ಟೋ ಕಡಿಮೆ. ಬೆಳಗಿನ ವಾಕಿಂಗ್‌ಗೆ ಅವರು ಅದನ್ನು ದಿನಾ ಹಾಕುತ್ತಾರೆ. ಎಲ್ಲವನ್ನೂ ಒಂದೇ ಬಿಲ್‌ನಲ್ಲಿ ಮಾಡಿಸಿ, ತೆರಿಗೆ ವಾಪಸಿನ ಫಾರ್ಮ್ ಕೇಳಿ ಪಡೆಯಿರಿ. ಅಲ್ಲಿಯ ವ್ಯಾಟ್ 24%, ಅದರಲ್ಲಿ ಒಂದು ಭಾಗ ಪ್ರವಾಸಿಗರಿಗೆ ದೇಶ ಬಿಡುವಾಗ ವಾಪಸ್ ಸಿಗುತ್ತದೆ. ಟೋಪಿಯ ದುಡ್ಡು ಅದರಲ್ಲೇ ಹುಟ್ಟಬಹುದು.